ಹಾಲು ನಿಮಗೆ, ಮರಿ ನನಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಂಕನದೊಡ್ಡಿಯ ರೇಷ್ಮೆ ಹುಳುಮನೆಗಳಲ್ಲಿ ಆಗಲೇ ದೀಪ ಹೊತ್ತಿವೆ. ತಟ್ಟೆ ತಟ್ಟೆಗೆ ಸೊಪ್ಪು ಹರಡುವ ಹೆಂಗಸರ ನೆರಳು ಗೋಡೆಯ ಮೇಲೆ ಓಡಾಡುತ್ತಿದೆ. ದಾಸಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಂಕುಳಲ್ಲಿ ಖಾಲಿ ಮಂಕರಿ ಬುಟ್ಟಿ ಇರುಕಿಕೊಂಡು ಬೀದಿಗಿಳಿಯುತ್ತಾರೆ. ಮೊದಲು ಹೋಗುವುದು ಮುದುಕ ಕಾಳಯ್ಯನ ಹಿತ್ತಿಲಿಗೆ. ಅಲ್ಲಿ ಹಲಸಿನ ಮರದ ಕೆಳಗೆ ಮೊಳದೆತ್ತರದ ಬಿದಿರಿನ ಅಟ್ಟಣೆಯ ಮೇಲೆ ಚುಕ್ಕಿ ನಿಂತಿದೆ. ಕಪ್ಪು ಮೈ, ಕಿವಿಯ ಮೇಲೊಂದು ಬಿಳಿ ಮಚ್ಚೆ. ದಾಸಮ್ಮನ ಕಾಲ ಸಪ್ಪಳಕ್ಕೇ ಅದು ಕತ್ತೆತ್ತಿ ಕೂಗುತ್ತದೆ.

ಕಾಳಯ್ಯನ ಸೊಸೆ ಚೆಂಬು ಹಿಡಿದು ಕುಕ್ಕರಗಾಲಲ್ಲಿ ಕುಳಿತಿದ್ದಾಳೆ. ಮೇಕೆಯ ಹಾಲು ಕರೆಯುವುದು ಅವಳಿಗೆ ಇನ್ನೂ ಹೊಸತು. ಹಾಲು ಒಮ್ಮೆ ಚೆಂಬಿಗೆ, ಒಮ್ಮೆ ಅವಳ ಮುಂಗೈಗೆ ಬೀಳುತ್ತಿದೆ.

“ಎಳೀಬ್ಯಾಡ ಕಣವ್ವ. ಮೇಲ್ಗಡೆ ಒಸಿ ಅದುಮಿ ಇಡ್ಕಂಡು ಹಿಂಡು. ಅದೇನು ಬಾವಿ ಹಗ್ಗವಾ ಎಳ್ಯಕ್ಕೆ?” ಎನ್ನುತ್ತಾರೆ ದಾಸಮ್ಮ.

ಸೊಸೆ ನಗುತ್ತಾಳೆ. ಎರಡು ಸಲ ತಪ್ಪಿ ಮೂರನೆಯದಕ್ಕೆ ಹಾಲು ಚೆಂಬಿನ ತಳಕ್ಕೆ ಚುರ್ರೆಂದು ಬೀಳುತ್ತದೆ. ಅಷ್ಟರಲ್ಲಿ ದಾಸಮ್ಮ ಮೇಕೆಯ ಹೊಟ್ಟೆ ತಟ್ಟಿ ನೋಡಿ, ಕಣ್ಣಿನ ರೆಪ್ಪೆ ಬಿಡಿಸಿ ಒಳಗೆ ಕೆಂಪಗಿದೆಯೇ ಎಂದು ಪರೀಕ್ಷಿಸಿ, ಗೊರಸಿನ ಸಂದಿಯ ಕೊಳೆಯನ್ನು ಕಡ್ಡಿಯಿಂದ ಕೆರೆದು ತೆಗೆದಿರುತ್ತಾರೆ. ಚೆಂಬು ತುಂಬುವ ಹೊತ್ತಿಗೆ ಅವರು ಮುಂದಿನ ಮನೆಯ ದಾರಿ ಹಿಡಿದಾಗಿದೆ. ಒಂದು ತೊಟ್ಟು ಹಾಲನ್ನೂ ಕೇಳುವುದಿಲ್ಲ.

ಕೇಳಿದರೆ ತಪ್ಪೇನೂ ಇರಲಿಲ್ಲ. ಚುಕ್ಕಿ ಕಾಳಯ್ಯನದಲ್ಲ, ದಾಸಮ್ಮನದು. ದಾಸಮ್ಮನ ಬಳಿ ಈಗ ಏಳು ಹಾಲು ಮೇಕೆಗಳಿವೆ. ಅವರ ಮನೆಯಲ್ಲಿರುವುದು ಎರಡೇ. ಉಳಿದವು ಊರಿನ ಬೇರೆ ಬೇರೆ ಹಿತ್ತಿಲುಗಳಲ್ಲಿವೆ. ಎಳೆಮಗು ಇರುವ ಮನೆ, ಏನು ಉಂಡರೂ ಅರಗದ ಮುದುಕರಿರುವ ಮನೆ, ಕಾಯಿಲೆಯಿಂದ ಎದ್ದವರ ಮನೆ. ಮೇಕೆ ಮರಿ ಹಾಕಿ ಕೆಲವು ದಿನ ಕಳೆದ ಮೇಲೆ ತಾಯಿ ಮರಿ ಎರಡನ್ನೂ ಆ ಮನೆಗೆ ಕೊಂಡೊಯ್ದು ಕಟ್ಟುತ್ತಾರೆ. ಆ ಮನೆಯವರು ಮೇವು ಹಾಕಬೇಕು, ಮರಿಗೆ ಬಿಟ್ಟು ಮಿಕ್ಕ ಹಾಲನ್ನು ಕರೆದುಕೊಳ್ಳಬೇಕು, ಕಾಯಿಸಿ ಕುಡಿಯಬೇಕು. ಹಾಲು ಬತ್ತಿದ ಮೇಲೆ ದಾಸಮ್ಮ ಹೋಗಿ ಮೇಕೆಯನ್ನೂ ಬೆಳೆದ ಮರಿಯನ್ನೂ ಬಿಚ್ಚಿಕೊಂಡು ಬರುತ್ತಾರೆ.

“ಹಾಲು ನಿಮ್ಗೆ, ಮರಿ ನಂಗೆ. ಅಷ್ಟೇಯ ಮಾತು. ಇನ್ನೇನೂ ಇಲ್ಲ” ಎಂದು ಅವರು ಇಡೀ ವ್ಯವಹಾರವನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ.

ಎಂಬತ್ತರ ದಶಕ ಅರ್ಧ ಕಳೆದಿರುವ ಈ ದಿನಗಳಲ್ಲಿ ಕನಕಪುರ ಸೀಮೆಯಲ್ಲಿ ಎಲ್ಲಿ ಕುಳಿತರೂ ರೇಷ್ಮೆಯದೇ ಮಾತು. ದೊಡ್ಡಆಲಹಳ್ಳಿಯಿಂದ ಒಳಗೆ ಹೋದರೆ ಸಿಗುವ ಅಂಕನದೊಡ್ಡಿಯೂ ಅದಕ್ಕೆ ಹೊರತಲ್ಲ. ರಾಗಿ ಹೊಲಗಳ ಜಾಗದಲ್ಲಿ ಹಿಪ್ಪುನೇರಳೆ ಎದ್ದಿದೆ. ನಡುಮನೆಯಲ್ಲಿ ಹುಳು, ಜಗಲಿಯಲ್ಲಿ ಮನುಷ್ಯರು. ರೇಷ್ಮೆ ಗೂಡಿನ ದುಡ್ಡಿನಲ್ಲಿ ಕೆಲವರು ಹೆಂಚು ಇಳಿಸಿ ತಾರಸಿ ಹಾಕಿಸಿದ್ದಾರೆ. ಒಂದಿಬ್ಬರು ಮೊಪೆಡ್ ತಂದಿದ್ದಾರೆ. ಸೀಮೆ ಹಸು ಬಂದಿವೆ, ಹಾಲಿನ ಡೈರಿ ಬಂದಿದೆ. ಎರಡು ಹೊತ್ತೂ ಕ್ಯಾನು ಹಿಡಿದ ಸಾಲು ನಿಲ್ಲುತ್ತದೆ.

ದಾಸಮ್ಮ ಈ ಊರಿಗೆ ಸೊಸೆಯಾಗಿ ಬಂದಾಗ ಇದಾವುದೂ ಇರಲಿಲ್ಲ. ಊರಿನ ಹೆಸರಲ್ಲೇ ದೊಡ್ಡಿ ಇದೆ. ಒಂದು ಕಾಲಕ್ಕೆ ಇದು ಕುರಿ ಕೂಡುವ ಜಾಗ. ಗಂಡ ಚಿಕ್ಕಬೀರಯ್ಯನ ಮನೆಯದು ಅಜ್ಜನ ಕಾಲದಿಂದ ಬಂದ ಕುರಿ ಹಿಂಡು. ಗೋಮಾಳ ಇತ್ತು, ಬೀಳು ಇತ್ತು, ಹೊಲ ಕುಯ್ದ ಮೇಲೆ ಕೂಳೆ ಇತ್ತು. ರೇಷ್ಮೆ ಬಂದ ಮೇಲೆ ಒಂದೊಂದೇ ಕಡೆ ಬೇಲಿ ಎದ್ದಿತು. ಕುರಿ ಹೊಡೆದುಕೊಂಡು ಹೋದ ಕಡೆಯೆಲ್ಲ ಯಾರದೋ ತೋಟ ಅಡ್ಡ ಬರತೊಡಗಿತು. ಕೊನೆಗೆ ಚಿಕ್ಕಬೀರಯ್ಯ ಹಿಂಡನ್ನು ಮಾರಿ, ಇದ್ದ ಅರ್ಧ ಎಕರೆಗೆ ತಾವೂ ಹಿಪ್ಪುನೇರಳೆ ಕಡ್ಡಿ ನೆಟ್ಟರು. ಹಿಂಡಿನ ಜೊತೆಯಲ್ಲಿ ಒಂದು ಕೆಂದು ಬಣ್ಣದ ಮೇಕೆಯೂ ಇತ್ತು. ಕೊಂಡವರು ಕುರಿ ಹೊಡೆದುಕೊಂಡು ಹೋಗುವ ಬೆಳಿಗ್ಗೆ ದಾಸಮ್ಮ ಅದನ್ನು ಅಡುಗೆ ಮನೆಯ ಒಳಗೆ ಕಟ್ಟಿ ಕದ ಮುಚ್ಚಿಕೊಂಡರು. ಅದೇ ಕೆಂಚಿ.

“ಕುರಿ ಕಾಯೋರ ಮನೇಲಿ ಮ್ಯಾಕೆ ಇಟ್ಕಂಡು ಏನ್ಮಾಡೀಯೆ ಅಂದೆ. ನಮ್ಮ ಜನಕ್ಕೆ ಕುರಿ ಅಂದ್ರೆ ಒಂದು ಗತ್ತು, ಮ್ಯಾಕೆ ಅಂದ್ರೆ ಅದೇನೋ ಒಂಥರಾ” ಎಂದು ಚಿಕ್ಕಬೀರಯ್ಯ ಬೀಡಿ ಹಚ್ಚುತ್ತಾ ನೆನೆಯುತ್ತಾರೆ. “ಇವ್ಳು ಬಾಯಿ ಬುಡ್ಲಿಲ್ಲ. ಬಾಗ್ಲೂ ತೆಗೀಲಿಲ್ಲ.”

ಯಾಕೆ ಎಂದು ಕೇಳಿದರೆ ದಾಸಮ್ಮ ಹೇಳುವುದು ಇಷ್ಟೇ: “ಅಷ್ಟೂ ಹೊಂಟೋದ್ರೆ ಮನೆ ಬಿಕೋ ಅಂತದೆ ಅನ್ನುಸ್ತು. ಒಂದಾದ್ರೂ ಕೂಗೋದು ಇರ್ಲಿ ಅಂತ.”

ಕೂಗುವುದರ ಜೊತೆಗೆ ಮೇಯುವುದೂ ಇತ್ತಲ್ಲ. ಒಂದು ಮಧ್ಯಾಹ್ನ ಕೆಂಚಿ ಹಗ್ಗ ಬಿಚ್ಚಿಕೊಂಡು ಬಸವಲಿಂಗಯ್ಯನವರ ಸೊಪ್ಪಿನ ತೋಟಕ್ಕೆ ನುಗ್ಗಿತು. ಬಸವಲಿಂಗಯ್ಯ ಊರಿಗೆ ದೊಡ್ಡ ಬೆಳೆಗಾರರು, ಶಿವಪೂಜೆ ಮುಗಿಯದೆ ಕಾಫಿಯನ್ನೂ ಮುಟ್ಟದ ಮನುಷ್ಯರು. ಅವರ ಮನೆಯಲ್ಲಿ ಆಗ ಹುಳು ಹಣ್ಣಾಗಿ ಗೂಡು ಕಟ್ಟುವುದಕ್ಕೆ ಮುಂಚಿನ, ತುಂಬಾ ತಿನ್ನುವ ಹೊತ್ತು. ಒಂದು ಹೊತ್ತು ಸೊಪ್ಪು ತಪ್ಪಿದರೂ ಗೂಡು ಸಣ್ಣದಾಗುವ ಸಮಯ. ಕೆಂಚಿ ಎರಡು ಸಾಲನ್ನು ಬುಡದವರೆಗೆ ಸವರಿಹಾಕಿತ್ತು. ಸಂಜೆ ಅರಳಿಕಟ್ಟೆಯಲ್ಲಿ ಜನ ಸೇರಿದರು. ಊರಲ್ಲಿ ಮೇಕೆ ಇರಕೂಡದು ಎಂದು ಬಸವಲಿಂಗಯ್ಯ ಪಟ್ಟು ಹಿಡಿದರು. ಹೌದು ಎಂದವರೇ ಹೆಚ್ಚು.

ಚಿಕ್ಕಬೀರಯ್ಯ ತಲೆ ತಗ್ಗಿಸಿ ನಿಂತಿದ್ದರು. ದಾಸಮ್ಮನೇ ಮುಂದೆ ಬಂದು ಹೇಳಿದರು: “ತಪ್ಪಾಯ್ತು ಅಯ್ನೋರೆ. ಇನ್ಮ್ಯಾಲೆ ಮನೇಲಿದ್ರೆ ಕಾಲ್ಗೆ ಹಗ್ಗ, ಬೀದಿಗೆ ಬಂದ್ರೆ ಬಾಯ್ಗೆ ಕುಕ್ಕೆ. ನಿಮ್ಮ ತೋಟದಾಗೆ ಅದ್ರ ಹೆಜ್ಜೆ ಕಂಡ್ರೆ ಅವತ್ತೇ ಮಾರ್ಬುಡ್ತೀನಿ.”

ಎತ್ತುಗಳ ಬಾಯಿಗೆ ಕಟ್ಟುವ ಹಗ್ಗದ ಕುಕ್ಕೆಯನ್ನು ಮೇಕೆಗೆ ಕಟ್ಟುವ ಮಾತು ಕೇಳಿ ಕೆಲವರು ನಕ್ಕರು. ನಕ್ಕಿದ್ದರಿಂದಲೇ ಸಭೆಯ ಬಿಗಿ ಸಡಿಲವಾಯಿತು. ದಾಸಮ್ಮ ಹೇಳಿದ ಹಾಗೆಯೇ ನಡೆದುಕೊಂಡರು. ಮನೆಯ ಹಿಂದೆ ಬಿದಿರಿನ ಅಟ್ಟಣೆ ಕಟ್ಟಿಸಿ ಕೆಂಚಿಯನ್ನು ಅದರ ಮೇಲೆ ನಿಲ್ಲಿಸಿದರು. ಹಾಗಾದರೆ ಮೇವು? ಅದಕ್ಕೂ ದಾರಿ ಹುಳುಮನೆಯಿಂದಲೇ ಬಂತು. ಬೆಳಿಗ್ಗೆ ಪ್ರತಿ ಮನೆಯಲ್ಲೂ ಹುಳು ತಿಂದು ಬಿಟ್ಟ ಸೊಪ್ಪಿನ ಕಡ್ಡಿ ತೆಗೆದು ತಿಪ್ಪೆಗೆ ಎಸೆಯುತ್ತಾರೆ. ದಾಸಮ್ಮ ಮಂಕರಿ ಹಿಡಿದು ಹೋಗಿ ಬಾಗಿಲ ಹೊರಗೇ ನಿಂತು ಕೇಳಿದರು. ಹುಳುವಿಗೆ ರೋಗ ಬಂದ ಮನೆಯದು, ಔಷಧಿ ಹೊಡೆದದ್ದು ಬೇಡ. ಉಳಿದದ್ದನ್ನು ಒದರಿ ಕೊಡಿ ಎಂದರು. ತಿಂಗಳಲ್ಲಿ ಕೆಂಚಿಯ ಮೈ ಮಿರಮಿರ ಮಿನುಗತೊಡಗಿತು. ಹಿಕ್ಕೆಯನ್ನು ದಾಸಮ್ಮ ಗುಡಿಸಿ ಕಡ್ಡಿ ಕೊಟ್ಟವರ ತೋಟಕ್ಕೇ ಹಾಕಿ ಬರುತ್ತಿದ್ದರು.

ಮೇಕೆಯನ್ನು ಬೇರೆಯವರ ಮನೆಗೆ ಕಟ್ಟುವ ಯೋಚನೆ ಹುಟ್ಟಿದ್ದು ಅಂಬುಜಮ್ಮನ ಮನೆ ಬಾಗಿಲಲ್ಲಿ, ಹೀಗೆ ಕಡ್ಡಿಗೆ ಹೋಗಿ ನಿಂತಾಗ. ಆ ಮನೆಯಲ್ಲಿ ಎರಡು ಸೀಮೆ ಹಸು. ಅಂಬುಜಮ್ಮ ಅಷ್ಟೂ ಹಾಲನ್ನು ಡೈರಿಗೆ ಹಾಕಿ ಬಂದು ಖಾಲಿ ಕ್ಯಾನು ಕೆಳಗಿಟ್ಟರು. ಮೊಮ್ಮಗಳು ಓಡಿ ಬಂದು ಅದರೊಳಗೆ ಕೈ ಇಳಿಬಿಟ್ಟು ಅಂಟಿದ ಹಾಲನ್ನು ಬೆರಳಿಂದ ಬಳಿದು ನೆಕ್ಕಿತು. ಅಂಬುಜಮ್ಮನೂ ನೋಡಿದರು, ದಾಸಮ್ಮನೂ ನೋಡಿದರು.

ಮಾರನೆಯ ದಿನ ದಾಸಮ್ಮ ಕೆಂಚಿಯನ್ನು ಮರಿಯ ಸಮೇತ ತಂದು ಆ ಹಿತ್ತಿಲಲ್ಲಿ ಕಟ್ಟಿದರು. “ಹಸೀನ ಹಾಲು ಕರೆದ್ರೆ ಡೈರಿ ಕಣ್ಣು ಬೀಳ್ತದೆ. ಮ್ಯಾಕೆ ಹಾಲು ಡೈರಿಯೋರು ತಗಳಾಕಿಲ್ಲ. ಯಾರಿಗೂ ಬ್ಯಾಡ. ಅದ್ಕೇ ಅದು ಮಕ್ಕಳ ಹೊಟ್ಟೆಗೆ ಓಗೋದು” ಎಂದು ಅವರು ಈಗ ವಿವರಿಸುತ್ತಾರೆ. ಅಂಬುಜಮ್ಮನ ಮೊಮ್ಮಗಳು ಮೊದಲ ದಿನ ವಾಸನೆ ಎಂದು ಮೂಗು ಮುಚ್ಚಿಕೊಂಡಿತಂತೆ. ಒಂದು ಏಲಕ್ಕಿ ಜಜ್ಜಿ ಹಾಕಿ ಕಾಯಿಸಿ ಕೊಟ್ಟ ಮೇಲೆ ಲೋಟ ಕೆಳಗಿಡಲಿಲ್ಲ.

ಹಾಗೆ ಶುರುವಾಯಿತು. ದೊಡ್ಡಆಲಹಳ್ಳಿ ಕಡೆಯಿಂದ ಇನ್ನೆರಡು, ಕನಕಪುರದ ಸಂತೆಯಿಂದ ಚುಕ್ಕಿಯೂ ಸೇರಿ ಎರಡು ಮೇಕೆ ಬಂದವು. ಕೆಂಚಿಯ ಹೆಣ್ಣು ಮರಿಗಳೆರಡು ಉಳಿದವು. ಗಂಡು ಮರಿಗಳನ್ನು ಮಾತ್ರ ದಾಸಮ್ಮ ಬೆಳೆಸಿ ಮಾರುತ್ತಾರೆ. ಅದರಲ್ಲೇ ಮೇಕೆಗಳ ಔಷಧಿ, ಅಟ್ಟಣೆಯ ಬಿದಿರು, ಮನೆಯ ಮೇಲುಖರ್ಚು ಎಲ್ಲ ನಡೆಯಬೇಕು. “ಮರಿ ನಂಗೆ” ಎನ್ನುವ ಮಾತಿನ ಹಿಂದಿನ ಲೆಕ್ಕ ಅದು. ಎಲ್ಲರಿಗೂ ಗೊತ್ತಿದ್ದರೂ ಯಾರೂ ಬಾಯಿಬಿಟ್ಟು ಆಡದ ಲೆಕ್ಕ.

ಕಷ್ಟಗಳು ಇರಲಿಲ್ಲವೆಂದಲ್ಲ. ಒಂದು ಮಳೆಗಾಲ ಕೆಮ್ಮಿನ ರೋಗ ಬಂದು ಮರಿಗಳು ಸತ್ತವು. ಒಂದು ಮೇಕೆ ಅಳತೆ ಮೀರಿ ರಾಗಿ ತಿಂದು ಹೊಟ್ಟೆ ಉಬ್ಬಿ ದಾಸಮ್ಮನ ತೊಡೆಯ ಮೇಲೆಯೇ ಪ್ರಾಣ ಬಿಟ್ಟಿತು. ಇವೆಲ್ಲಕ್ಕಿಂತ ಅವರನ್ನು ದಣಿಸಿದ್ದು ಬಸ್ಸಿನ ಓಡಾಟ. ಗಂಡು ಮರಿಗಳೆಲ್ಲ ಮಾರಿ ಹೋಗುತ್ತಿದ್ದರಿಂದ ಊರಲ್ಲಿ ಹೋತ ಇರಲಿಲ್ಲ. ಮೇಕೆ ಬೆದೆಗೆ ಬಂದರೆ ಕನಕಪುರಕ್ಕೇ ಹೋಗಬೇಕು. ಅಲ್ಲಿ ಮನೆಯ ಮುಂದೆ ಚರಕ ಹಾಕಿಕೊಂಡು ರೇಷ್ಮೆ ನೂಲು ಬಿಚ್ಚಿಸುವ ಗೌಸ್ ಎಂಬವರ ಹಿತ್ತಿಲಲ್ಲಿ ಉದ್ದ ಕಿವಿಯ ಒಳ್ಳೆಯ ಹೋತ ಇದೆ. ಬೆದೆ ಇರುವುದು ಒಂದು ದಿನ, ಹೆಚ್ಚೆಂದರೆ ಒಂದೂವರೆ. ಅಷ್ಟರಲ್ಲಿ ಬಸ್ಸು ಸಿಕ್ಕರೆ ಸಿಕ್ಕಿತು, ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು.

“ಬೆದೆಗೆ ಬಂದ ಮ್ಯಾಕೆ ಸುಮ್ಕಿರ್ತದಾ? ದಾರಿಯುದ್ದಕ್ಕೂ ಕೂಗ್ತದೆ. ಒಂದ್ಸಲ ಕಂಡಕ್ಟ್ರು, ಇದುನ್ನ ಎಲ್ಲಿಗೆ ಕರ್ಕಂಡೋಯ್ತಿದ್ದೀಯಮ್ಮ, ಇಂಗೆ ಅಳ್ತಾ ಐತಲ್ಲ ಅಂದ. ನಂಗೆ ನಾಚ್ಕೆ. ನೆಂಟ್ರ ಮನೆಗೆ ಕಣಪ್ಪ ಅಂದೆ. ಬಸ್ಸಿನೋರೆಲ್ಲ ನಕ್ಕುಬುಟ್ರು.” ಹೇಳುವಾಗ ದಾಸಮ್ಮನಿಗೂ ನಗು ತಡೆಯುವುದಿಲ್ಲ. ಅಂದಿನಿಂದ ಆ ಕಂಡಕ್ಟರ್ ಅವರನ್ನು ಕಂಡರೆ, ‘ನೆಂಟ್ರು ಚೆನ್ನಾಗವ್ರಾ?’ ಎಂದೇ ಮಾತು ಶುರು ಮಾಡುವುದು.

ಎರಡು ವರ್ಷದ ಹಿಂದಿನ ಒಂದು ಮಧ್ಯಾಹ್ನ ದಾಸಮ್ಮ ಹಿತ್ತಿಲಲ್ಲಿ ಹಿಕ್ಕೆ ಗುಡಿಸುತ್ತಿದ್ದರು. ಬೇಲಿಯ ಆಚೆ ಬಸವಲಿಂಗಯ್ಯನವರ ಹೆಂಡತಿ ವಿಮಲಮ್ಮ ಬಂದು ನಿಂತರು. ತಿಂಗಳುಗಟ್ಟಲೆ ಜ್ವರದಲ್ಲಿ ಮಲಗಿ ಎದ್ದಿದ್ದವರು; ಕೈಬಳೆ ಮೊಣಕೈವರೆಗೆ ಜಾರುವಷ್ಟು ಸೊರಗಿದ್ದರು. ಏನು ಉಂಡರೂ ನಿಲ್ಲುತ್ತಿರಲಿಲ್ಲ. ಮೇಕೆ ಹಾಲು ಕುಡಿದು ನೋಡಿ ಎಂದು ನಾಟಿ ವೈದ್ಯರು ಹೇಳಿದ್ದರು. ಗಂಡನ ಮುಂದೆ ಆ ಮಾತೆತ್ತಲು ಅವರಿಗೆ ಧೈರ್ಯ ಬಂದಿರಲಿಲ್ಲ.

“ದಾಸಮ್ಮ, ದಿನಕ್ಕೊಂದು ಲೋಟ ಹಾಲು ಈ ಬೇಲಿ ಮೇಲಿಂದ ಕೊಡೋಕಾಗುತ್ತಾ? ನಮ್ಮೋರಿಗೆ ಗೊತ್ತಾಗ್ಬಾರ್ದು.”

“ಕದ್ದು ಕೊಡಕ್ಕೆ ಅದೇನು ಕಳ್ಳ ಮಾಲಾ ಅಮ್ಮಾರೆ? ಮ್ಯಾಕೇನೇ ತಂದು ಕಟ್ತೀನಿ ನಡೀರಿ” ಎಂದರು ದಾಸಮ್ಮ.

ಆಗ ಮರಿ ಹಾಕಿ ಹಾಲು ಕೊಡುತ್ತಿದ್ದುದು ಕೆಂಚಿ ಒಂದೇ. ಬಾಯಿಗೆ ಕುಕ್ಕೆ ಕಟ್ಟಿ, ವಾರದ ಗಂಡು ಮರಿಯನ್ನು ತೋಳಲ್ಲಿ ಎತ್ತಿಕೊಂಡು, ಹಾಡಹಗಲೇ ಮುಂಬಾಗಿಲಿಗೇ ಹೊರಟರು. ಬಸವಲಿಂಗಯ್ಯ ಜಗಲಿಯ ಮೇಲೆ ಕುಳಿತು ಪೇಪರು ಓದುತ್ತಿದ್ದರು. ಮೇಕೆ ನೋಡಿ ಪೇಪರು ಮಡಿಸಿದರು.

“ಇದು ಅದೇ ಅಲ್ವಾ?”

“ಅದೇ ಅಯ್ನೋರೆ. ಅಮ್ಮಾರ್ಗೆ ಹಾಲಿಗೆ ಅಂತ ತಂದೆ.”

ಬಸವಲಿಂಗಯ್ಯ ಮೇಕೆಯನ್ನು ನೋಡಿದರು. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಹೆಂಡತಿಯನ್ನು ನೋಡಿದರು. ಪೇಪರನ್ನು ಪಕ್ಕಕ್ಕಿಟ್ಟರು. “ಹಿತ್ಲಲ್ಲಿ ನುಗ್ಗೆ ಮರದ ಹತ್ರ ಕಟ್ಟು. ತೋಟದ ಕಡೆ ಮುಖ ಮಾಡಿ ಕಟ್ಬೇಡ.”

ಕೆಂಚಿ ಆ ಹಿತ್ತಿಲಲ್ಲಿ ಆರು ತಿಂಗಳಿತ್ತು. ಹಾಲಿನಿಂದಲೋ, ಔಷಧಿಯಿಂದಲೋ, ಎರಡೂ ಸೇರಿಯೋ, ವಿಮಲಮ್ಮನ ಮುಖಕ್ಕೆ ಕಳೆ ಬಂತು, ಮುದ್ದೆ ಅರಗತೊಡಗಿತು. “ನಮ್ಮೋರು ಬೆಳಿಗ್ಗೆ ಹುಳುವಿಗೆ ತಂದ ಸೊಪ್ಪಲ್ಲಿ ಎಳೇದನ್ನ ಆರಿಸಿ ಕೆಂಚಿಗೆ ಹಾಕೋರು. ನಾನು ನೋಡಿದ್ರೆ ಹುಳ ಹುಡುಕೋ ಹಾಗೆ ಮಾಡೋರು” ಎಂದು ವಿಮಲಮ್ಮ ತಗ್ಗಿದ ದನಿಯಲ್ಲಿ ಹೇಳುತ್ತಾರೆ, ಗಂಡ ಒಳಗಿಲ್ಲವೆಂದು ಖಚಿತ ಮಾಡಿಕೊಂಡು.

ಆದರೆ ಆ ಆರು ತಿಂಗಳಲ್ಲಿ ಇನ್ನೊಂದು ಸಂಗತಿಯೂ ನಡೆದಿತ್ತು. ಕೆಂಚಿಯ ಮರಿಗೆ ವಿಮಲಮ್ಮ ಸೋಮ ಎಂದು ಹೆಸರಿಟ್ಟಿದ್ದರು. ಪೂಜೆ ಮುಗಿಸಿ ಬರುವ ಹೊತ್ತಿಗೆ ಅದು ಹಿತ್ತಿಲ ಬಾಗಿಲಲ್ಲಿ ಕಾದು ನಿಲ್ಲುತ್ತಿತ್ತು. ಅವರ ಅಂಗೈಯಿಂದ ಒಂದು ಹಿಡಿ ಅಕ್ಕಿ ತಿಂದೇ ಹೋಗುತ್ತಿತ್ತು. ಹಾಲು ಬತ್ತಿ ದಾಸಮ್ಮ ಹಗ್ಗ ಹಿಡಿದು ಬಂದ ದಿನ ವಿಮಲಮ್ಮ ಕೆಂಚಿಯ ಕೊರಳು ಸವರಿ ಬಿಟ್ಟುಕೊಟ್ಟರು. ಸೋಮನ ಹಗ್ಗವನ್ನು ಮಾತ್ರ ಬಿಡಲಿಲ್ಲ.

“ಇದು ಎಲ್ಲಿಗೆ ಹೋಗುತ್ತೆ, ಹೇಳು ದಾಸಮ್ಮ.”

ದಾಸಮ್ಮ ನೆಲ ನೋಡಿದರು. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. “ಸಂತೆಗೆ ಅಮ್ಮಾರೆ. ಹಬ್ಬ ಹತ್ರ ಬಂತಲ್ಲ.”

ವಿಮಲಮ್ಮ ಸೋಮನ ಹಗ್ಗವನ್ನು ಕೈಗೆ ಸುತ್ತಿಕೊಂಡರು. ಆಮೇಲೆ ಅವರು ಆಡಿದ ಮಾತನ್ನು ದಾಸಮ್ಮ ಒಂದಕ್ಷರ ಬಿಡದೆ ನೆನಪಿಟ್ಟುಕೊಂಡಿದ್ದಾರೆ: “ನಾವು ದೊಡ್ಡ ಸಾತ್ವಿಕರು ಅಂತ ನಾನು ಹೇಳಲ್ಲ. ಗೂಡು ಮಾರಿದ ಮೇಲೆ ಅದರೊಳಗಿನ ಹುಳ ಏನಾಗುತ್ತೆ ಅಂತ ನಂಗೂ ಗೊತ್ತು. ಬಿಸಿನೀರಿಗೆ ಬೀಳೋದು ನಮ್ಮನೆ ಗೂಡೇ. ಆದ್ರೂ ಇದು ನನ್ನ ಕೈಯಲ್ಲಿ ಅಕ್ಕಿ ತಿಂದಿದೆ. ಇದನ್ನ ಕಳಿಸೋಕೆ ನನ್ನ ಕೈಲಾಗಲ್ಲ.”

ಅಂದು ದಾಸಮ್ಮ ಕೆಂಚಿಯೊಂದನ್ನೇ ಹಿಡಿದುಕೊಂಡು ಮನೆಗೆ ಬಂದರು.

ವಿಷಯ ಊರಲ್ಲಿ ಹಬ್ಬಲು ಹೊತ್ತೇನೂ ಹಿಡಿಯಲಿಲ್ಲ. ಅಂಬುಜಮ್ಮ ಮುಖಕ್ಕೇ ಕೇಳಿದರು: “ನಮ್ಮ ಹಿತ್ಲಲ್ಲಿ ಬೆಳೆದ ಮರಿನ ಬಿಚ್ಕಂಡೋದೆ. ನನ್ನ ಮೊಮ್ಮಗಳು ಮೂರು ದಿನ ಅತ್ತಳು. ದೊಡ್ಡೋರ ಮನೆ ಮರಿ ಅಂದ್ರೆ ಬ್ಯಾರೆ ನ್ಯಾಯವಾ?” ವಿಮಲಮ್ಮ ಮರಿಯ ಬೆಲೆಯನ್ನು ಸೆರಗಿನ ಗಂಟಲ್ಲಿ ಕಟ್ಟಿ ತಂದರು, ದಾಸಮ್ಮ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡರೆ ದುಡ್ಡಿದ್ದವರು ಮರಿ ಉಳಿಸಿಕೊಳ್ಳುತ್ತಾರೆ, ಇಲ್ಲದವರ ಮಕ್ಕಳು ಅಳುತ್ತಾರೆ. ಹಾಗಂತ ಒಂದು ಮನೆಗೆ ಸುಮ್ಮನೆ ಬಿಟ್ಟರೆ ಎಲ್ಲ ಮನೆಗೂ ಬಿಡಬೇಕು. ಆಮೇಲೆ ಮೇಕೆ ಸಾಕುವುದು ಎಲ್ಲಿಂದ?

“ಮಾತು ಅಂದ್ಮ್ಯಾಲೆ ಮಾತು. ಓಗಿ ಬಿಚ್ಕಂಡು ಬಾ. ಇಲ್ಲಾಂದ್ರೆ ಈ ಕಟ್ಟೋ ಕೆಲ್ಸಾನೇ ಬುಟ್ಬುಡು” ಎಂದರು ಚಿಕ್ಕಬೀರಯ್ಯ. ಗಂಡ ಹೇಳಿದ್ದು ಸರಿಯೆಂದು ದಾಸಮ್ಮನಿಗೂ ಗೊತ್ತಿತ್ತು. ಎರಡು ಸಲ ಹಗ್ಗ ಹಿಡಿದು ಹೋದರು. ಎರಡು ಸಲವೂ ವಿಮಲಮ್ಮ ಕಾಫಿ ಕೊಟ್ಟರು. ಕುಡಿದು ಬರಿಗೈಯಲ್ಲಿ ವಾಪಸು ಬಂದರು. ಹಬ್ಬ ಕಳೆಯಿತು. ಸೋಮ ಅಲ್ಲೇ ಬೆಳೆಯಿತು.

ಅಂಥ ದಿನಗಳಲ್ಲೇ ಒಂದು ಬೆಳಿಗ್ಗೆ ಚುಕ್ಕಿ ಬೆದೆಗೆ ಬಂತು. ದಾಸಮ್ಮ ಅದನ್ನು ಹಿಡಿದುಕೊಂಡು ಬಸ್ಸಿಗೆ ನಿಂತರು. ಮೊದಲ ಬಸ್ಸು ಬರಲಿಲ್ಲ, ಎರಡನೆಯದು ಗೂಡಿನ ಮೂಟೆಗಳಿಂದ ತುಂಬಿ ಬಂದು ನಿಲ್ಲಿಸದೆ ಹೋಯಿತು. ಬಿಸಿಲೇರಿತು. ಸೋತು ಹಿಂದಿರುಗುವಾಗ ಬಸವಲಿಂಗಯ್ಯನವರ ಹಿತ್ತಿಲ ಪಕ್ಕದ ಓಣಿ ಹಿಡಿದರು. ಚುಕ್ಕಿ ಒಂದು ಕೂಗು ಹಾಕಿತು. ಬೇಲಿಯ ಆಚೆಯಿಂದ ಅದಕ್ಕೊಂದು ಒರಟು ಮಾರುತ್ತರ ಬಂತು. ಮರುಗಳಿಗೆ ಸೋಮ, ಕೊರಳಲ್ಲಿ ಹರಿದ ಹಗ್ಗದ ತುಂಡು ತೂಗಾಡಿಸುತ್ತಾ, ಬೇಲಿ ಹಾರಿ ಓಣಿಗೆ ಬಿತ್ತು. ದಾಸಮ್ಮ ನೋಡುತ್ತಲೇ ಇದ್ದಂತೆ, ಅವರು ಕನಕಪುರದವರೆಗೆ ಹೋಗಿ ಮಾಡಿಸಿಕೊಂಡು ಬರಬೇಕಾದ ಕೆಲಸ ಆ ಓಣಿಯಲ್ಲೇ ಮುಗಿಯಿತು.

ಹಿಂದೆಯೇ ಓಡಿ ಬಂದ ವಿಮಲಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡರು. “ಅಯ್ಯೋ ಶಿವನೆ, ಇದೇನು ಮಾಡ್ಬಿಡ್ತು.”

ದಾಸಮ್ಮ ಮಣ್ಣಿನ ಗೋಡೆಗೆ ಒರಗಿ ನಿಂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. “ಇದುನ್ನ ಯಾಕ್ ಮಾರ್ಲಿ ಅಮ್ಮಾರೆ? ಇಷ್ಟು ವರ್ಷ ನಾನು ಬಸ್ಸಲ್ಲಿ ಊರೂರು ತಿರುಗಿದ್ದು ಇದ್ಕೇ ಅಲ್ವಾ?”

ಅದೇ ವಾರ ಅವರು ಅಂಬುಜಮ್ಮನ ಮನೆಗೆ ಹೋಗಿ ಕುಳಿತು ವಿಷಯ ಹೇಳಿದರು. ಸೋಮ ಯಾರಿಗೂ ಮಾರಿದ್ದೂ ಅಲ್ಲ, ಯಾರಿಗೂ ಬಿಟ್ಟುಕೊಟ್ಟದ್ದೂ ಅಲ್ಲ. ಮಾತಿನ ಪ್ರಕಾರ ಮರಿ ದಾಸಮ್ಮನದೇ. ಸಾಕುವವರು ವಿಮಲಮ್ಮ. ಊರಲ್ಲಿ ಯಾರ ಮೇಕೆ ಬೆದೆಗೆ ಬಂದರೂ ಸೋಮನ ಹತ್ತಿರ ಹೊಡೆದುಕೊಂಡು ಬರಬಹುದು, ಯಾರೂ ಏನೂ ಕೊಡಬೇಕಾಗಿಲ್ಲ. ಇನ್ನು ಮುಂದೆ ಯಾವ ಮನೆಯಲ್ಲೇ ಆಗಲಿ, ಮಗು ತೀರಾ ಹಚ್ಚಿಕೊಂಡ ಹೆಣ್ಣು ಮರಿ ಇದ್ದರೆ ಅದು ಆ ಹಿತ್ತಿಲಲ್ಲೇ ಬೆಳೆದು ಅಲ್ಲೇ ಹಾಲು ಕೊಡಲಿ. ಅಂಬುಜಮ್ಮ ಎಲೆಗೆ ಸುಣ್ಣ ಹಚ್ಚುತ್ತಾ ಎಲ್ಲ ಕೇಳಿಸಿಕೊಂಡರು. “ಅಂಗಾರೆ ಸರಿ” ಎಂದು ಎಲೆಯ ತಟ್ಟೆಯನ್ನು ಮುಂದೆ ಸರಿಸಿದರು.

ಇನ್ನೊಂದು ತೊಡಕು ಉಳಿದಿತ್ತು. ಬೆಳೆದ ಹೋತದ ವಾಸನೆ ಸುಲಭದ್ದಲ್ಲ. ಹುಳುಮನೆಗೆ ಯಾವ ಗಾಟೂ ಆಗದು ಎನ್ನುವುದು ಈ ಕಡೆಯ ನಂಬಿಕೆ. ಸೋಮನ ನಾತ ಹಿತ್ತಿಲು ದಾಟಿ ನಡುಮನೆಗೆ ಬಂದ ದಿನ ಬಸವಲಿಂಗಯ್ಯನವರ ಮುಖ ಗಂಟಿಕ್ಕಿತು. ಹೋತಕ್ಕೆ ಈ ಮನೆಯಲ್ಲಿ ಋಣ ತೀರಿತು ಎಂದುಕೊಂಡರು ವಿಮಲಮ್ಮ. ಬಸವಲಿಂಗಯ್ಯ ಎದ್ದು ತೋಟದ ಕಡೆ ಹೋದರು. ಸಂಜೆ ನೋಡಿದರೆ ತೋಟದ ಕೊನೆಯಲ್ಲಿ, ಊರಿಗೆ ಗಾಳಿ ಬೀಸದ ದಿಕ್ಕಿನಲ್ಲಿ, ಪಂಪ್‌ಸೆಟ್ ಮನೆಯ ಗೋಡೆಗೆ ಆನಿಸಿ ತೆಂಗಿನ ಗರಿಯ ಚಪ್ಪರ ಎದ್ದಿತ್ತು. ಅದರ ಸುತ್ತ ಎದೆಯೆತ್ತರದ ಬೇಲಿ.

“ಆ ಬೇಲಿ ಸೋಮಂಗಲ್ಲ, ನಮ್ಮ ಸೊಪ್ಪಿಗೆ” ಎಂದು ಬಸವಲಿಂಗಯ್ಯ ಈಗಲೂ ಗಂಭೀರವಾಗಿಯೇ ಹೇಳುತ್ತಾರೆ.

ವಿಮಲಮ್ಮ ದಿನಕ್ಕೆರಡು ಸಲ ಅಲ್ಲಿಗೆ ಹೋಗುತ್ತಾರೆ. ಹಿಂತಿರುಗಿ ಬಂದು ಬಾವಿಕಟ್ಟೆಯಲ್ಲೇ ಸ್ನಾನ ಮಾಡಿ ಒದ್ದೆ ಸೀರೆಯಲ್ಲಿ ಪೂಜೆಗೆ ಕೂರುತ್ತಾರೆ. ಮೊದಮೊದಲು ಯಾರಾದರೂ ಮೇಕೆ ಹಿಡಿದು ಬಂದರೆ ಬೇಲಿಯ ಬಾಗಿಲಿನ ಬೀಗದ ಕೈ ಎಸೆದು ಒಳಗೆ ಓಡುತ್ತಿದ್ದರಂತೆ. ಈಗ ಸಲೀಸಾಗಿದೆ. “ನಿನ್ನೇನೇ ಕರ್ಕೊಂಡು ಬರ್ಬೇಕಿತ್ತು, ಇವತ್ತು ತಡವಾಯ್ತು ನೋಡು” ಎಂದು ತಾವೇ ಬಯ್ಯುತ್ತಾರೆ. ಕೆಂಚಿಗೂ ಅವಳ ಹೆಣ್ಣುಮಕ್ಕಳಿಗೂ ಮಾತ್ರ ಸೋಮ ಆಗುವುದಿಲ್ಲ, ಒಂದೇ ರಕ್ತ. ಅವನ್ನು ದಾಸಮ್ಮ ಈಗಲೂ ಕನಕಪುರಕ್ಕೆ ಗೌಸ್ ಅವರ ಮನೆಗೆ ಕರೆದೊಯ್ಯುತ್ತಾರೆ. ಹೋದಾಗ ಒಂದು ಲೋಟ ಚಹಾ, ಒಂದಿಷ್ಟು ಗೂಡಿನ ಮಾರ್ಕೆಟ್ಟಿನ ಸುದ್ದಿ ಗ್ಯಾರಂಟಿ.

ಊರಲ್ಲಿ ಈಗ ದಾಸಮ್ಮನ ಮೇಕೆಗಳಷ್ಟೇ ಇಲ್ಲ. ಅಂಬುಜಮ್ಮನ ಮನೆಯಲ್ಲಿ ಮೊಮ್ಮಗಳು ಬಿಡದ ಹೆಣ್ಣು ಮರಿ ಬೆಳೆದು ಹಾಲು ಕೊಡುತ್ತಿದೆ. ಇನ್ನೂ ಒಂದಿಬ್ಬರು ಅಟ್ಟಣೆ ಕಟ್ಟಿಸಿದ್ದಾರೆ. ತೋಟಕ್ಕೆ ನುಗ್ಗಿದ ದೂರು ಬಂದಿಲ್ಲ. ಬಾಯಿಗೆ ಕುಕ್ಕೆ ಇಲ್ಲದೆ ಯಾರೂ ಮೇಕೆಯನ್ನು ಬೀದಿಗೆ ತರುವುದಿಲ್ಲ. ದಾಸಮ್ಮನಿಗೆ ಮಂಡಿ ನೋವು ಶುರುವಾಗಿದೆ. ಸುತ್ತು ಹೊಡೆಯುವುದು ಕಡಿಮೆ ಮಾಡು ಎಂದು ಗಂಡ ಹೇಳುತ್ತಾರೆ. ಹೇಳಿ, ತಾವೇ ಮಂಕರಿ ಎತ್ತಿಕೊಂಡು ಜೊತೆಗೆ ಹೊರಡುತ್ತಾರೆ. ಕುರಿಯವರ ಗತ್ತು ಎಲ್ಲಿ ಹೋಯಿತು ಎಂದರೆ, “ಕಡ್ಡಿ ಭಾರ ಅಲ್ವಾ, ಅದ್ಕೆ” ಎನ್ನುತ್ತಾರೆ ಚಿಕ್ಕಬೀರಯ್ಯ.

ಬಿಸಿಲು ಏರುತ್ತಿದೆ. ಮೇಲಿನ ಬೀದಿಯ ಮನೆಯೊಂದರಲ್ಲಿ ಬಾಣಂತಿ ಇದ್ದಾಳೆ. ಅವಳ ದೊಡ್ಡ ಮಗುವಿಗೆ ಇನ್ನೂ ಎರಡು ತುಂಬಿಲ್ಲ. ಅಲ್ಲಿಗೆ ಇಂದು ಮೇಕೆ ಹೋಗಬೇಕು. ದಾಸಮ್ಮ ಮನೆಗೆ ಬಂದು ಮೇಕೆಯ ಹಗ್ಗ ಬಿಚ್ಚಿ, ಬಾಯಿಗೆ ಕುಕ್ಕೆ ಕಟ್ಟಿ, ಮರಿಯನ್ನು ಸೆರಗಿನ ಮರೆಯಲ್ಲಿ ಎತ್ತಿಕೊಂಡು ಬೀದಿಗೆ ಬರುತ್ತಾರೆ. ಒಂದು ಬಾಗಿಲಲ್ಲಿ ಸೊಪ್ಪು ಕತ್ತರಿಸುತ್ತಿದ್ದ ಹೆಂಗಸು ಕೈ ನಿಲ್ಲಿಸಿ ನೋಡುತ್ತಾಳೆ. ಇನ್ನೊಂದು ಬಾಗಿಲಿಂದ ಮುದುಕಿಯೊಬ್ಬಳು ಹೊರಗೆ ಬರುತ್ತಾಳೆ. ಅವರಿಬ್ಬರಿಗೂ ದಾಸಮ್ಮ ತಲೆಯಾಡಿಸಿ, ಈ ಸಲ ಅಲ್ಲ ಎಂಬಂತೆ ಮೇಲಿನ ಬೀದಿಯ ಕಡೆ ಕೈ ತೋರಿಸುತ್ತಾರೆ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಅವರು ನಡಿಗೆ ನಿಲ್ಲಿಸುವುದಿಲ್ಲ.

“ಏನೂ ಇಲ್ಲ ಕಣಪ್ಪ. ಮೊದ್ಲು ಬೀದೀಲಿ ಮ್ಯಾಕೆ ಬಂತು ಅಂದ್ರೆ ಜನ ಬಾಗ್ಲಿಗೆ ಬಂದು ಬಯ್ಯೋರು. ಈಗ್ಲೂ ಬಾಗ್ಲಿಗೆ ಬತ್ತಾರೆ. ಬಂದು, ‘ನಮ್ಮನೆಗಾ ದಾಸಮ್ಮ?’ ಅಂತಾರೆ.”